ಅವ್ವನ ಕೆಮ್ಮು, ನನ್ನ ಲೇಖನ

ಬರೆಯುವವನಿಗೆ ಊರಿನ ತಪ್ಪೆಲ್ಲ ಕಾಣುತ್ತದೆ, ಮನೆಯದು ಮಾತ್ರ ಕಾಣುವುದಿಲ್ಲ. ಗಾಳಿ, ನೀರು, ಬಿಸಿಲು ಮನುಷ್ಯನ ಆರೋಗ್ಯಕ್ಕೆ ಏನು ಮಾಡುತ್ತವೆ ಎಂದು ಪತ್ರಿಕೆಗಳಿಗೆ ಬರೆಯುವವನು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ. ನಮ್ಮೂರು ಸರಸಂಬಾದಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗಿ ಬಿ.ಎಸ್ಸಿ. ಮುಗಿಸಿದವನು, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳುವವರಿಗೆ ಬೇಸರವಿರಬಹುದು. ಮಣ್ಣೂರಿನ ಭೀಮಾ ದಂಡೆಯಲ್ಲಿ ನಿಂತು ಸೊಳ್ಳೆಯ ಬಗ್ಗೆ ಬರೆದೆ, ಜೇವರ್ಗಿಯ ಹೊಲಗಳಲ್ಲಿ ಅಲೆದು ಬಿಸಿಲಿನ ಬಗ್ಗೆ ಬರೆದೆ. ಅಷ್ಟೂ ದಿನ ಮನೆಯಲ್ಲಿ ಅವ್ವ ಕೆಮ್ಮುತ್ತಿದ್ದಳು.

ಅವ್ವನನ್ನು ಹೊಗೆಯಿಂದ ದೂರವಿಡದಿದ್ದರೆ ಶ್ವಾಸಕೋಶ ಉಳಿಯುವುದಿಲ್ಲವೆಂದು ಆಳಂದದ ಡಾಕ್ಟರು ಹೇಳಿದರು. ಅಂದೇ ಹಟ ತೊಟ್ಟೆ. ಗ್ಯಾಸ್ ತಂದೆ. ಅವ್ವ ಬೀಗರು ಬಂದಾಗ ಅದರ ಮೇಲೆ ಚಹಾ ಕಾಸಿ, ಒರೆಸಿ, ಬಟ್ಟೆ ಹೊದಿಸಿಟ್ಟಳು. ತೊಗರಿ ಕಟ್ಟಿಗೆಯ ಉರಿಯಿಲ್ಲದೆ ಜೋಳದ ರೊಟ್ಟಿ ಉಬ್ಬುವುದಿಲ್ಲವಂತೆ. ಕಟ್ಟಿಗೆ ಬಚ್ಚಿಟ್ಟೆ, ಪಕ್ಕದ ಮನೆಯಿಂದ ಹೊರೆ ತಂದಳು. ಒಲೆಯ ಮುಂದೆ ಕುಳಿತು ಹೊಗೆಯ ಮೇಲಿನ ನನ್ನದೇ ಲೇಖನ ಓದಿ ಹೇಳಿದೆ. ಪೂರ್ತಿ ಕೇಳಿ, ರೊಟ್ಟಿ ಆರುತ್ತಿವೆ, ಉಣ್ಣು ಎಂದಳು. ನಾಲ್ಕು ರೊಟ್ಟಿ ಉಂಡೆ.

ಮರುದಿನ ಮತ್ತೆ ಕಟ್ಟಿಗೆಯ ದೋಷ, ಒಲೆಯ ದೋಷ ಹೇಳತೊಡಗಿದಾಗ ಅವ್ವ ಕೆಮ್ಮಿನ ನಡುವೆಯೇ ಕೇಳಿದಳು:

"ನಲವತ್ತ ವರ್ಷ ಇದೇ ಒಲಿ ಊದೀನಿ. ಆವಾಗ ಕೆಮ್ಮು ಎಲ್ಲಿತ್ತೋ? ಹೊಗಿ ಬೆಳಕಿಂಡ್ಯಾಗ ಹಾದು ಹೋಗ್ತಿತ್ತು. ಮ್ಯಾಲ ಸ್ಲ್ಯಾಬ್ ಹಾಕ್ಸಿದಾಂವ ಯಾರು?"

ತಲೆಯೆತ್ತಿ ನೋಡಿದೆ. ಹಳೆಯ ಮಣ್ಣಿನ ಮಾಳಿಗೆಯ ಚಾವಣಿಯಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಒಂದು ಬೆಳಕಿಂಡಿಯಿತ್ತು. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ಗಾರೆ ಕೆಲಸದ ಗೌಂಡಿ, "ಕಿಂಡಿ ಬಿಡ್ಲೇನ್ರಿ ಸರ?" ಎಂದು ಕೇಳಿಯೂ ಇದ್ದ. 'ಸರ' ಎಂದದ್ದು ಕಿವಿಗೆ ಹಿತವಾಗಿತ್ತು. ಓದಿದವನ ಮನೆಗೆ ತೂತು ಬೇಡವೆಂದೆ.

ಅದೇ ಗೌಂಡಿಯನ್ನು ಕರೆತಂದು ಸ್ಲ್ಯಾಬ್ ಒಡೆಸಿದೆ. ಈ ಸಲ ಅವನು ಕಿಂಡಿಯ ಅಳತೆಯನ್ನು ಅವ್ವನನ್ನೇ ಕೇಳಿದ. ಈಗ ಹೊಗೆ ನೆಟ್ಟಗೆ ಮೇಲೇರುತ್ತದೆ. ಕೆಮ್ಮು ಪೂರ್ತಿ ನಿಂತಿಲ್ಲ, ತಗ್ಗಿದೆ. ಗ್ಯಾಸಿನ ಮೇಲೆ ರೊಟ್ಟಿ ಉಬ್ಬಿಸುವುದನ್ನು ನಾನೇ ಕಲಿಯುತ್ತಿದ್ದೇನೆ, ಬಿಡುವವನಲ್ಲ.

ಇದನ್ನೆಲ್ಲ ವಿಜ್ಞಾನದ ಪುಟಕ್ಕೆ ಬರೆದು ಅವ್ವನಿಗೆ ಓದಿದೆ. 'ಕೆಲವರು ತಿಳಿಯದೆ ಬೆಳಕಿಂಡಿ ಮುಚ್ಚಿಸುತ್ತಾರೆ' ಎಂಬಲ್ಲಿ ತಡೆದಳು.

"ಕೆಲವ್ರು ಅಂದ್ರ ಯಾರ್ಯಾರೋ?"

'ಕೆಲವರು' ಹೊಡೆದುಹಾಕಿ 'ನಾನು' ಎಂದು ಬರೆದೆ. ಆಮೇಲೆ ಅದು ವಿಜ್ಞಾನದ ಪುಟಕ್ಕೆ ಹೊಂದಲಿಲ್ಲ. ಹಾಸ್ಯದ ಪುಟದವರು ಒಂದಕ್ಷರ ತಿದ್ದದೆ ತೆಗೆದುಕೊಂಡರು.