ಒಲೆಕಟ್ಟೆಯ ಕ್ಯಾಶ್
ನನ್ನ ಕಂಪ್ಯೂಟರಿಗೆ ಮದುವೆ ಎಂದರೆ ಆಗಿಬರುವುದಿಲ್ಲ. ಆಳಂದದ ನಮ್ಮ ಮನೆಯ ಮುಂಗೋಣೆಯಲ್ಲಿ ಕುಳಿತು ನಾನು ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತೇನೆ. ವಧು ಮಾಲೆ ಎತ್ತಿದ ತಕ್ಷಣ ಈ ಮಹಾಶಯ ನಿಂತುಬಿಡುತ್ತಾನೆ. ನಾನು ಚಹಾ ಕುಡಿದು ಬಂದರೂ ವರ ಕತ್ತು ಚಾಚಿಕೊಂಡೇ ಇರುತ್ತಾನೆ. ರೋಗ ನನಗೆ ಗೊತ್ತು: ಪ್ರೊಸೆಸರಿನ ಕ್ಯಾಶ್ (ದುಡ್ಡಲ್ಲ, ಅದರ ಕೈಗೆಟುಕುವ ನೆನಪಿನ ಜಾಗ) ಸಣ್ಣದು. ದೊಡ್ಡ ಕ್ಯಾಶಿನ ಹೊಸ ಕಂಪ್ಯೂಟರಿಗೆ ಗೃಹಸಚಿವೆ, ಅಂದರೆ ನನ್ನ ಹೆಂಡತಿ ಶೈಲಶ್ರೀ, ಅಪ್ಪಣೆ ಕೊಡಬೇಕು. (ವಿರೋಧ ಪಕ್ಷವೂ ಅವಳೇ.)

ಎಳ್ಳಮಾವಾಸ್ಯೆಯ ಹಿಂದಿನ ದಿನ ಅಡುಗೆಮನೆಗೆ ಹೋದೆ. ಮರುದಿನ ಸರಸಂಬಾದ ನಮ್ಮ ಹೊಲಕ್ಕೆ ಒಯ್ಯುವ ಭಜ್ಜಿ ಪಲ್ಯಕ್ಕೆ ಕಾಳು, ಸೊಪ್ಪು ಹೊಂದಿಸುತ್ತಾ ಅವಳು ಒಂದೊಂದಕ್ಕೂ ಹಿಂಗೋಣೆಗೆ ಓಡುತ್ತಿದ್ದಳು. ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ?

"ನೋಡು, ಪ್ರೊಸೆಸರ್ ಅಂದ್ರ ನೀನು. ಈ ಒಲಿಕಟ್ಟಿ ಕ್ಯಾಶ್. ಹಿಂದಿನ ಕೋಣಿ ರ‍್ಯಾಮ್. ಕಟ್ಟಿ ಸಣ್ಣದಿದ್ರ ಎಲ್ಲಾದಕ್ಕೂ ಕೋಣಿಗಿ ಓಡಬೇಕು. ದೊಡ್ಡದಿದ್ರ ಬೇಕಾದ್ದೆಲ್ಲಾ ಕೈಯಾಗೇ ಸಿಗ್ತದ."

ಅವಳು ಸೌಟು ಕೆಳಗಿಟ್ಟಳು. "ಅಂದ್ರ ತಡಾ ಆಗೂದು ನನ್ನ ತಪ್ಪಲ್ಲೇನ್ರಿ?"

"ಅಲ್ಲವೇ ಅಲ್ಲ! ಕ್ಯಾಶ್ ಸಣ್ಣದು!"

"ಮತ್ತ ಪ್ರತಿ ವರ್ಷಾ ಹೊಲದಾಗ ಭೂತಾಯಿಗಿ ನೈವೇದ್ಯದ ಚರಗಾ ಚೆಲ್ಲೂದು ತಡಾ ಆದಾಗ, ಇಕಿ ಕೈನೇ ನಿಧಾನ ಅಂತ ಮಂದಿ ಮುಂದ ಹೇಳ್ತಿದ್ರಲ್ರಿ?"

"ಅದು ಅಜ್ಞಾನ," ಎಂದು ಉದಾರವಾಗಿ ನುಡಿದೆ.

"ಹಂಗಾದ್ರ ದೊಡ್ಡದು ಮಾಡೂದು ಖರೇನೇ ಜರೂರದರಿ."

ಗೆದ್ದೆನೆಂದು ಬೀಗಿ, ಹೊಲದಲ್ಲಿ ಮರುದಿನದ ಪೂಜೆಗೆ ಜೋಳದ ದಂಟಿನ ಕೊಂಪೆ ಕಟ್ಟಲು ಹೋದೆ. ಸಂಜೆ ಬಂದರೆ ಮುಂಗೋಣೆ ಬೋಳು! ಬಡಗಿ ಖಾದರಸಾಬ ನನ್ನ ಕಂಪ್ಯೂಟರ್ ಮೇಜನ್ನು ಒಲೆಕಟ್ಟೆಗೆ ಜೋಡಿಸಿ ಕೊನೆಯ ಮೊಳೆ ಹೊಡೆಯುತ್ತಿದ್ದ. ಮೇಜಿನ ತುಂಬ ಕಾಳಿನ ಬಟ್ಟಲುಗಳು, ಸಜ್ಜೆರೊಟ್ಟಿಯ ಅಟ್ಟಿ.

"ಏನ ಮಾಡಾಕತ್ತೀಯೋ ಮಾರಾಯಾ?"

"ಅಕ್ಕಾವ್ರು ಕ್ಯಾಶ್ ದೊಡ್ಡದು ಮಾಡಂದ್ರರಿ," ಎಂದ.

ನನಗೆ ಮೈ ಉರಿದುಹೋಯಿತು. ಆದರೆ ಸಿದ್ಧಾಂತ ನನ್ನದೇ. ಅದು ನಿಜವೆಂದು ಮರುದಿನವೇ ಸಾಬೀತಾಯಿತು: ಎಲ್ಲರಿಗಿಂತ ಮೊದಲು ನಮ್ಮ ಭಜ್ಜಿ ಹೊಲ ಮುಟ್ಟಿತು. "ಶೈಲಶ್ರೀ ಕೈ ಎಷ್ಟು ಚುರುಕ!" ಎಂದು ನನ್ನ ತಾಯಿಯೇ ಹೊಗಳಿದಳು.

ಹೊಸ ಕಂಪ್ಯೂಟರ್ ಕೇಳಿದರೆ, "ಅದನ್ನ ಇಡಾಕ ಮೇಜ ಎಲ್ಲದರಿ?" ಎನ್ನುತ್ತಾಳೆ. ಹಳೆಯದು ಈಗ ಹಿಂಗೋಣೆಯಲ್ಲಿ, ಜೋಳದ ಚೀಲದ ಮೇಲಿದೆ. ವಧು ಮಾಲೆ ಎತ್ತುತ್ತಾಳೆ, ಕಂಪ್ಯೂಟರ್ ನಿಲ್ಲುತ್ತದೆ, ಅಡುಗೆಮನೆಯಿಂದ ಕೂಗು ಬರುತ್ತದೆ:

"ರೀ, ಹೆಂಗೂ ಅದು ವಿಚಾರ ಮಾಡಾಕತ್ತದ. ಅಷ್ಟ್ರಾಗ ನೀವು ರ‍್ಯಾಮಿನಾಗಿಂದು ಬೆಲ್ಲಾ ತಂದು ಕೊಡ್ರಿ!"