ಕರಬಸಪ್ಪನ ಸ್ವಂತ ಅಳತೆಯ ಕುರ್ಚಿ

"ಈ ಉಗಾದಿಗೆ ಮಾವನ ಮನಿಯಾಗ ನಾನೂ ಕುರ್ಚಿ ಮ್ಯಾಲೆ ಕುಂದ್ರಾಂವ! ಕುರ್ಚಿ ನಾನ ಮಾಡ್ಕೊಂಡು ಒಯ್ತೇನಿ!"

ಕರಬಸಪ್ಪ ಮೀಸೆ ತಿರುವಿ ಹೀಗೆ ಘೋಷಿಸಿದಾಗ ಹೆಂಡತಿ ಗುತ್ತೆವ್ವ ರೊಟ್ಟಿ ಬಡಿಯುವುದನ್ನು ಸಹ ನಿಲ್ಲಿಸಲಿಲ್ಲ.

ಅವನ ಹೊಟ್ಟೆಕಿಚ್ಚಿಗೆ ಕಾರಣವಿತ್ತು. ಮಾಸೂರಿನ ಮಾವ ಗಿರಿಯಪ್ಪನ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಹಿರಿಯ ಅಳಿಯ ಕರಬಸಪ್ಪನೇ. ಆದರೆ ಕುರ್ಚಿ ಮಾತ್ರ ಕಿರಿಯ ಅಳಿಯ ಪರಮೇಶಪ್ಪನಿಗೆ ಮೀಸಲು! ಯಾಕೆಂದರೆ ಅವನು ಹಿರೇಕೆರೂರಿನಲ್ಲಿ ಗುಮಾಸ್ತ, ಪ್ಯಾಂಟು ಹಾಕುವವನು.

"ಪ್ಯಾಂಟಿನ್ಯಾಗ ನೆಲಕ್ಕ ಕುಂತ್ರ ಹರೀತೈತ್ರಿ. ನಿಮ್ಮದು ಧೋತರ, ಏನೂ ಚಿಂತಿಲ್ಲ," ಎನ್ನುತ್ತ ಮಾವ ಪ್ರತಿ ಹಬ್ಬಕ್ಕೂ ಇವನಿಗೆ ಕಂಬಳಿ ಹಾಸುತ್ತಿದ್ದ. ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕುಳಿತ ಪರಮೇಶಪ್ಪನ ಹೆಬ್ಬೆರಳು ಸರಿಯಾಗಿ ಇವನ ಮೂಗಿನ ಮಟ್ಟಕ್ಕೇ ಬರುತ್ತಿತ್ತು!

ಹಾನಗಲ್ಲಿನ ಮೌನಪ್ಪ ಬಡಿಗೇರನದು ಪಳಗಿದ ಕೈ. ಕರಬಸಪ್ಪ ಅವನ ಶಿಷ್ಯನಾದ. ರಂದಾ ಹೊಡೆದು ಹಲಗೆ ನುಣುಪು ಮಾಡಲು ಹೋಗಿ ಹಲಗೆಯನ್ನೇ ಮುಗಿಸಿದ. ಉಳಿ ಹಿಡಿದು ಹೊಡೆದರೆ ಏಟು ಬೀಳುತ್ತಿದ್ದದ್ದು ಬೆರಳಿಗೆ.

"ಕಟಗಿ ಮ್ಯಾಲೆ ಯಾಕಪಾ ಇಷ್ಟು ಸಿಟ್ಟು?" ಮೌನಪ್ಪ ಕೇಳಿದ.

"ಕಟಗಿ ಮ್ಯಾಲಲ್ರೀ, ಷಡ್ಡಕನ ಮ್ಯಾಲೆ!"

ಆದರೂ ಹೊಟ್ಟೆಕಿಚ್ಚು ಮನುಷ್ಯನಿಗೆ ಏನೆಲ್ಲ ಕಲಿಸುತ್ತದೆ! ಸುಗ್ಗಿ ಮುಗಿಯುವ ಹೊತ್ತಿಗೆ ಅವನು ಕೂಡಿಸಿದ ಸಂದಿನಲ್ಲಿ ಇರುವೆಯೂ ನುಸುಳದಂತಾಯಿತು. ಗುರು-ಶಿಷ್ಯರಿಗೆ ಜಗಳ ಬಂದದ್ದು ಅಳತೆಯಲ್ಲಿ ಮಾತ್ರ.

"ಕುರ್ಚಿ ಎರಡೂ ಕೈಗಳ ನಡುವ ಇನ್ನಷ್ಟು ಅಗಲ ಬಿಡಪಾ. ಉಂಡ ಮನಷ್ಯಾನೂ ಕುಂದ್ರತಾನ."

"ಕೂದಲೆಳಿಯಷ್ಟೂ ಬಿಡೂದಿಲ್ರೀ! ಪರಮೇಶಪ್ಪ ದಪ್ಪ ಅದಾನ. ಇದರಾಗ ಅಂವ ಹಿಡೀಬಾರದು!"

ಉಗಾದಿಯಂದು ಸಾಗವಾನಿಯ ಸಿಂಹಾಸನ ಬಸ್ಸಿನ ತಲೆಯ ಮೇಲೆ ಮೆರೆಯುತ್ತ ಮಾಸೂರಿಗೆ ಬಂತು.

"ಭಾರಿ ಮಾಡೀರಿ ಅಣ್ಣಾರ! ನಾನೊಮ್ಮೆ ಕುಂದ್ರಲೇನು?" ಎಂದು ಪರಮೇಶಪ್ಪ ಕೂರಲು ಹೋಗಿ, ಕೈಗಳ ನಡುವೆ ಹಿಡಿಯದೆ ಅರ್ಧಕ್ಕೇ ನಿಂತ. ಕರಬಸಪ್ಪನ ಜನ್ಮ ಸಾರ್ಥಕವಾಯಿತು! ತಾನು ಗತ್ತಿನಿಂದ ಕುಳಿತ.

ಊಟದ ಹೊತ್ತಾಯಿತು. ಪರಮೇಶಪ್ಪ ಎಂದಿನಂತೆ ಹಳೆಯ ಕುರ್ಚಿಯಲ್ಲಿ ಕುಳಿತೇ ತಟ್ಟೆ ಹಿಡಿದ. "ನನಗೂ ಇಲ್ಲೇ ಬಡಸ್ರಿ ಅತ್ತಿ!" ಎಂದ ಕರಬಸಪ್ಪ. ಅಷ್ಟಕ್ಕೇ ಬಿಟ್ಟನೇ? ಷಡ್ಡಕ ಎಷ್ಟು ಹೋಳಿಗೆ ತಿಂದರೂ ತಾನು ಅದಕ್ಕಿಂತ ಒಂದು ಹೆಚ್ಚು ತಿನ್ನಬೇಕು! ಪರಮೇಶಪ್ಪ ತಿನ್ನುವುದರಲ್ಲಿ ಶೂರ. ಕರಬಸಪ್ಪ ಸೋಲಲಿಲ್ಲ.

ಗೆದ್ದು, ಕೈ ತೊಳೆಯಲು ಎದ್ದ. ಕುರ್ಚಿಯೂ ಎದ್ದಿತು!

ಮಾವ ಕುರ್ಚಿಯ ಕಾಲು ಹಿಡಿದು ಜಗ್ಗಿದ. ಗುತ್ತೆವ್ವ ಗಂಡನ ಕೈ ಹಿಡಿದು ಜಗ್ಗಿದಳು. ಕುರ್ಚಿ ಜಪ್ಪಯ್ಯ ಅನ್ನಲಿಲ್ಲ.

"ಸಂದು ಬಿಚ್ಚಿದ್ರ ಹೆಂಗ್ರೀ?" ಪರಮೇಶಪ್ಪ ಕೇಳಿದ.

"ಬಿಚ್ಚೂದಿಲ್ಲ! ನಾ ಮಾಡಿದ್ದದು!" ಕರಬಸಪ್ಪ ನರಳುತ್ತಲೇ ಜಂಬ ಕೊಚ್ಚಿದ.

ಪಕ್ಕದ ಮನೆಯಿಂದ ಗರಗಸ ಬಂತು. ಪರಮೇಶಪ್ಪ ಅಂಗಿಯ ತೋಳು ಮಡಚಿ ಕುರ್ಚಿಯ ಎರಡೂ ಕೈಗಳನ್ನು ಗರಗರನೆ ಕೊಯ್ದ. ಪ್ರತಿ ಎಳೆತಕ್ಕೂ ಕರಬಸಪ್ಪನ ಕರುಳೇ ಕೊಯ್ದಂತಾಯಿತು.

ಬಿಡುಗಡೆಯೇನೋ ಆಯಿತು. ದಣಿದ ಪರಮೇಶಪ್ಪ ಬೆವರು ಒರೆಸಿಕೊಳ್ಳುತ್ತ ಕೈಯಿಲ್ಲದ ಆ ಕುರ್ಚಿಯಲ್ಲೇ ಕುಳಿತುಬಿಟ್ಟ. ಆರಾಮವಾಗಿ ಹಿಡಿದ!

"ಈಗ ಭಾಳ ಛಲೋ ಆತ್ರಿ ಅಣ್ಣಾರ!"

ಹಾಗಾದರೆ ಹಳೆಯ ಕುರ್ಚಿಯಾದರೂ ಖಾಲಿಯಿದೆಯಲ್ಲ! ಕರಬಸಪ್ಪ ಅತ್ತ ಧಾವಿಸಿದ. ಜಗ್ಗಿ ಜಗ್ಗಿ ಸುಸ್ತಾದ ಮಾವ ಆಗಲೇ ಅದರಲ್ಲಿ ಕಾಲು ಚಾಚಿದ್ದ.

ಗುತ್ತೆವ್ವ ಕಂಬಳಿ ಝಾಡಿಸಿ ಹಾಸಿದಳು.

"ಇಲ್ಲೇ ಕುಂದರ್ರಿ. ನೆಲ ಆದ್ರ, ಎದ್ದಾಗ ಬೆನ್ನ ಹತ್ತಿ ಬರೂದಿಲ್ಲ!"