ಲೆನ್ಸ್ ಬದಲಾಯಿಸಬಹುದಾದ ಅಜ್ಜಿ

“ಅಲ್ಲಮ್ಮ, ಪೂರ್ತಿ ಕೇಳು. ಬರೀ ಫೋಟೋ ತೆಗೆಯೋದಲ್ಲ, ಇದರ ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು.”

“ಬಿಚ್ಚಬೇಡ. ನೀನು ಬಿಚ್ಚಿದ ಗೋಡೆ ಗಡಿಯಾರ ಇನ್ನೂ ಡಬ್ಬದಲ್ಲಿದೆ. ಟೈಮ್ ಬೇಕಾದ್ರೆ ಕುಲುಕಿ ನೋಡ್ಬೇಕು.”

ಅಮ್ಮ ಕಣ್ಣು ಮುಚ್ಚಿಕೊಂಡೇ ಇದನ್ನು ಹೇಳಿದಳು. ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದಾಳೆ. ದಿನಕ್ಕೆ ಎಪ್ಪತ್ತು ಜನರ ನಲ್ಲಿಯ ಕಷ್ಟ ಕೇಳಿ ಬಂದು ಸೋಫಾದ ಮೇಲೆ ಬಿದ್ದುಕೊಂಡರೆ ಬೆರಳೂ ಅಲ್ಲಾಡುವುದಿಲ್ಲ. ಅಂಥವಳ ಮೂಗಿನ ಮುಂದೆ ನಾನು ಕ್ಯಾಮೆರಾ ಹಿಡಿದು ಕುಣಿಯುತ್ತಿದ್ದೆ.

“ಒಂದೇ ಒಂದು ಫೋಟೋ ಅಮ್ಮ.”

“ನಿಮ್ಮ ದೂರು ದಾಖಲಾಗಿದೆ,” ಎಂದು ಗೋಡೆಯ ಕಡೆ ತಿರುಗಿದಳು.

ಕ್ಯಾಮೆರಾ ಚಿಕ್ಕಮ್ಮ ಕೊಟ್ಟಿದ್ದು. ಸೋಪಿನ ಡಬ್ಬಿಯಷ್ಟಿದೆ, ಜೇಬಿನಲ್ಲಿ ಕೂರುತ್ತದೆ, ಆದರೆ ಗತ್ತು ಮಾತ್ರ ಮದುವೆ ಮನೆಯ ಫೋಟೋಗ್ರಾಫರನದು. ಚಿಕ್ಕಮ್ಮ ಐದು ವರ್ಷ ಅದನ್ನು ಬಳಸಿದ್ದಕ್ಕಿಂತ ಸುತ್ತಿಟ್ಟಿದ್ದೇ ಹೆಚ್ಚು. ಅವಳ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್, ಸೂಟ್‌ಕೇಸಿಗೆ ಪ್ಲಾಸ್ಟಿಕ್, ಚಿಕ್ಕಪ್ಪ ಜಾಸ್ತಿ ಹೊತ್ತು ಸುಮ್ಮನೆ ಕೂತರೆ ಅವರಿಗೂ ಪ್ಲಾಸ್ಟಿಕ್. ಹಾಗಾಗಿ ಕ್ಯಾಮೆರಾ ಫಳಫಳ. ಅದನ್ನು ಕೈಗೆ ತೆಗೆದುಕೊಂಡ ದಿನವೇ ಶಪಥ ಮಾಡಿದೆ: ಎರಡು ವಾರ ಇದನ್ನು ಬಳಸಿ, ಕಾಲೇಜಿನ ಪತ್ರಿಕೆಗೆ ಇದರ ‘ಫಸ್ಟ್ ಇಂಪ್ರೆಷನ್ಸ್’ ಬರೆದು, ಫೋಟೋಗ್ರಫಿ ಕ್ಲಬ್ಬಿನವರೆಲ್ಲ ನನ್ನ ಹಿಂದೆ ಟ್ರೈಪಾಡ್ ಹೊತ್ತು ಬರುವ ಹಾಗೆ ಮಾಡುತ್ತೇನೆ.

ಎರಡು ವಾರದಲ್ಲಿ ಒಂಬೈನೂರು ಫೋಟೋ ಆಯಿತು. ಎಲ್ಲದರಲ್ಲೂ ಒಂದು ಹಾಲಿನಂಥ ಮಂಜು. ನಾನದಕ್ಕೆ ‘ಡ್ರೀಮಿ ಲುಕ್’ ಎಂದು ಹೆಸರಿಟ್ಟೆ. ಅಮ್ಮ ನೋಡಲು ಒಪ್ಪಲಿಲ್ಲ. ನೋಡಿ ಹೊಗಳಿದ್ದು ಒಬ್ಬಳೇ, ಅಜ್ಜಿ. ಯಾವ ಫೋಟೋ ತೋರಿಸಿದರೂ “ಎಷ್ಟು ಚೆನ್ನಾಗಿದೆ ಮಗಾ” ಅನ್ನುತ್ತಿದ್ದಳು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ ಎನ್ನುವುದು ನನಗೆ ಆಗ ಅಷ್ಟು ಮುಖ್ಯವಾಗಿ ಕಾಣಲಿಲ್ಲ.

ಅಜ್ಜಿಗೆ ಮಾತ್ರ ಅದು ಮುಖ್ಯವಾಗಿತ್ತು. ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಪೇಪರಿನ ಪದಬಂಧ ಬಿಡಿಸಿದವಳು. ಈಗ ಚೌಕ ಕಾಣುವುದಿಲ್ಲ. ಸುಳಿವುಗಳನ್ನು ನಾನು ಓದಿ ಹೇಳಬೇಕು. ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ನನ್ನ ಬಾಯಲ್ಲಿ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣವಾಗಿ, ಕೇಳುವವಳಿಗೆ ಪ್ರಾಣಸಂಕಟ.

“ಅದು ‘ಗನ’ ಅಲ್ಲ ಕಣೇ, ‘ಘನ’.”

“ಅದೇ ಅಂದೆ ಅಜ್ಜಿ. ಗನ.”

“ಸಾಕು. ನಂಗೆ ಆದಷ್ಟು ಬೇಗ ಆಪರೇಷನ್ ಮಾಡಿಸ್ಬಿಡಿ.”

ಹಾಗೆ ಹೇಳಿದವಳು ಎರಡು ವರ್ಷದಲ್ಲಿ ಎರಡು ಸಲ ಹೆದರಿ ಹಿಂದೆ ಸರಿದಿದ್ದಳು. ಎರಡು ಸಲವೂ ಅಮ್ಮ ರಜೆ ಹಾಕಿ, ರಜೆ ವಾಪಸ್ ತೆಗೆದುಕೊಂಡು, ಸಾಹೇಬರ ಎದುರು ತಾನೇ ಒಂದು ದೂರಾಗಿ ನಿಂತಿದ್ದಳು. ಮೂರನೇ ಸಲ ಗುರುವಾರಕ್ಕೆ ಗೊತ್ತಾಯಿತು. ಇನ್ನು ತಡಮಾಡಿದರೆ ಬಲಗಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಹಾಕುವ ಲೆನ್ಸಿನಲ್ಲಿ ಎರಡು ಥರ ಇದೆ, ಮನೆಯಲ್ಲಿ ಮಾತಾಡಿ ಯಾವುದೆಂದು ತಿಳಿಸಿ ಎಂದೂ ಹೇಳಿ ಕಳಿಸಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಲೆನ್ಸ್ ಎಂದರೆ ಅಜ್ಜಿಯ ಲೆನ್ಸ್. ಕ್ಯಾಮೆರಾಕ್ಕೂ ಒಂದು ಲೆನ್ಸ್ ಇರುತ್ತದೆ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅವಳ ಪಾಲಿಗೆ ಅದು ‘ಫೋಟೋ ಡಬ್ಬಿ’.

ಸೋಮವಾರ ಸಂಜೆ ಜೂಮಣ್ಣನ ಫೋನ್ ಬಂತು. ಜೂಮಣ್ಣ ನಮ್ಮ ಕ್ಲಬ್ಬಿನ ಸೀನಿಯರ್. ಎದುರಿಗಿದ್ದವರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಮಾತಾಡುತ್ತಾನೆ, ಅದಕ್ಕೆ ಆ ಹೆಸರು. ನಾನು ಕಳಿಸಿದ್ದ ಫೋಟೋ ನೋಡಿ, “ಇದು ಡ್ರೀಮಿ ಅಲ್ಲ, ಲೆನ್ಸ್ ಒಳಗೆ ಫಂಗಸ್ ಬಂದಿದೆ” ಅಂದ. ನಾನು ಅಜ್ಜಿಯ ಕೋಣೆಯ ಹೊರಗೆ ಶತಪಥ ಹಾಕುತ್ತ, ನನ್ನ ಸಹಜ ಧ್ವನಿಯಲ್ಲಿ, ಅಂದರೆ ಎದುರು ಮನೆಯವರಿಗೂ ಕೇಳುವ ಹಾಗೆ, ಉತ್ತರ ಕೊಟ್ಟೆ. ಆ ಉತ್ತರಗಳನ್ನು ಒಂದು ಪದವೂ ಬಿಡದೆ ಇಲ್ಲಿ ಒಪ್ಪಿಸುತ್ತಿದ್ದೇನೆ.

“ಹೌದು, ಲೆನ್ಸ್ ಮಂಜಾಗಿದೆ. ತೆಗೆದು ಬೇರೆ ಹಾಕಿಸ್ಬೇಕು.”

“ಹೊಸದಾ? ಬೇಡಪ್ಪ. ಬಾಡಿನೇ ಹಳೇದು. ಇಂಥ ಬಾಡಿಗೆ ಹೊಸ ಲೆನ್ಸ್ ಹಾಕಿಸಿದ್ರೆ ದಂಡ.”

“ಸೆಕೆಂಡ್ ಹ್ಯಾಂಡ್ ಇದ್ರೆ ಸಾಕು. ಅವ್ರು ಎಷ್ಟು ವರ್ಷ ಹಾಕ್ಕೊಂಡಿದ್ರು? ಮೂರಾ? ಪರವಾಗಿಲ್ಲ, ಒರೆಸಿ ಹಾಕಿದ್ರಾಯ್ತು.”

“ಲೂಸಾ? ಬಗ್ಗಿದ್ರೆ ಬಿದ್ದು ಹೋಗುತ್ತಾ? ಒಂದು ರಬ್ಬರ್ ಬ್ಯಾಂಡ್ ಹಾಕೋಣ ಬಿಡು.”

“ಅಯ್ಯೋ, ಬಾಡಿ ಇನ್ನೊಂದು ವರ್ಷ ಬಂದ್ರೆ ದೊಡ್ಡದು. ಆಮೇಲೆ ಹೇಗೂ ಬಿಸಾಕೋದೇ.”

“ಸರಿ, ಗುರುವಾರ ಬಾಡಿ ತಗೊಂಡು ಬರ್ತೀನಿ. ನೀನೇ ಹಾಕಿಕೊಡು. ಸ್ಕ್ರೂಡ್ರೈವರ್ ಇದೆ ತಾನೆ?”

ಫೋನಿಟ್ಟು ಒಳಗೆ ಇಣುಕಿದೆ. ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. “ಪದಬಂಧ ಓದ್ಲಾ ಅಜ್ಜಿ?” ಎಂದೆ.

“ಬೇಡಮ್ಮ. ಇನ್ನೊಂದು ವರ್ಷಕ್ಕೆ ಯಾಕೆ ಅದೆಲ್ಲ.”

ವಯಸ್ಸಾದವರ ಬೇಜಾರು ಎಂದುಕೊಂಡು ಅದೇ ಬೇಜಾರಿನ ಮುಖದ ಆರು ಫೋಟೋ ತೆಗೆದೆ. ಬೆಳಕು ಚೆನ್ನಾಗಿತ್ತು.

ಮಂಗಳವಾರ, ಬುಧವಾರ ಅಜ್ಜಿ ಮಾತಾಡಲಿಲ್ಲ. ಏನಾದರೂ ಬಿದ್ದರೆ ಬಗ್ಗಿ ಎತ್ತಿಕೊಳ್ಳುವ ಅಭ್ಯಾಸವನ್ನು ಈಗಲೇ ಬಿಟ್ಟಂತೆ ಕಂಡಳು. ಗುರುವಾರ ಬೆಳಿಗ್ಗೆ ಅಮ್ಮ ರಜೆ ಹಾಕಿ, ಆಟೋ ಕರೆಸಿ, ಅಜ್ಜಿಯನ್ನು ಕೂರಿಸಿ, ಉಸಿರು ಬಿಟ್ಟಳು. ಜೂಮಣ್ಣನನ್ನು ಮಧ್ಯಾಹ್ನ ನೋಡಿದರಾಯಿತೆಂದು ನಾನೂ ಕ್ಯಾಮೆರಾ ನೇತುಹಾಕಿಕೊಂಡು ಹತ್ತಿದೆ.

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮನೂ ದಣಿದ ಜೀವವೇ. ಆಗಲೇ ಮೂವತ್ತು ಜನರಿಗೆ “ಮೇಲೆ ನೋಡಿ, ಕೆಳಗೆ ನೋಡಿ” ಹೇಳಿ ಅವರ ಕಣ್ಣೇ ಮಧ್ಯದಲ್ಲಿ ನಿಂತುಬಿಟ್ಟಿತ್ತು.

“ಏನಮ್ಮ, ಈ ಸಲ ಧೈರ್ಯ ಬಂತಾ?”

“ಒಂದು ಕೇಳ್ಬೇಕಿತ್ತು ಡಾಕ್ಟ್ರೇ,” ಅಂದಳು ಅಜ್ಜಿ. “ಆ ಮೂರು ವರ್ಷ ಹಾಕ್ಕೊಂಡಿದ್ದೋರು, ಅವ್ರಿಗೇನಾಯ್ತು?”

“ಯಾರು?”

“ನಂಗೆ ಹಾಕ್ತೀರಲ್ಲ, ಆ ಲೆನ್ಸಿನವ್ರು. ತೀರಿಕೊಂಡ್ರಾ?”

ಡಾಕ್ಟರು ಅಮ್ಮನ ಮುಖ ನೋಡಿದರು. ಅಮ್ಮ ಫೈಲಿನ ಮುಖ ನೋಡಿದಳು.

“ಒರೆಸಿ ಹಾಕ್ತೀರಂತೆ, ಅದೂ ಸರಿ. ಆದ್ರೆ ಬಗ್ಗಿದ್ರೆ ಬೀಳುತ್ತಂತಲ್ಲ. ರಬ್ಬರ್ ಬ್ಯಾಂಡ್ ಕಟ್ಕೊಂಡು ನಾನು ಬೀದೀಲಿ ಹೇಗೆ ಓಡಾಡ್ಲಿ? ನನ್ನ ಬಾಡಿ ಹಳೇದು, ಒಪ್ಕೋತೀನಿ. ಹೊಸ ಲೆನ್ಸ್ ದಂಡ ಅಂದ್ರೆ ಬೇಡ. ಹಾಗೇ ಬಿಟ್ಬಿಡಿ. ಸ್ಕ್ರೂಡ್ರೈವರ್ ಮಾತ್ರ ಬೇಡ.”

ಅಮ್ಮನ ತಲೆ ನಿಧಾನವಾಗಿ ಬಲಕ್ಕೆ ತಿರುಗಿ, ನನ್ನ ಕತ್ತಿನಲ್ಲಿ ತೂಗುತ್ತಿದ್ದ ಕ್ಯಾಮೆರಾದ ಮೇಲೆ ಬಂದು ನಿಂತಿತು. ಇಷ್ಟು ನಿಖರವಾದ ಫೋಕಸ್ ನನ್ನ ಕ್ಯಾಮೆರಾಕ್ಕೆ ಎಂದೂ ಬಂದಿರಲಿಲ್ಲ.

“ಅಜ್ಜಿ,” ಎಂದೆ, ಕ್ಯಾಮೆರಾ ಎತ್ತಿ ಹಿಡಿದು. “ಬಾಡಿ ಅಂದ್ರೆ ಇದು. ಲೆನ್ಸ್ ಅಂದ್ರೂ ಇದೇ. ನಿನ್ನ ವಿಷಯ ಅಲ್ವೇ ಅಲ್ಲ.”

“ಇದನ್ನ ಕನ್ನಡದಲ್ಲೇ ಮಾತಾಡ್ಬಾರ್ದಿತ್ತಾ?” ಎಂದರು ಡಾಕ್ಟರು.

“ಆಗ ‘ದೇಹ ಹಳೇದು, ಹೊಸದು ದಂಡ’ ಅಂತಿದ್ಲು ಅಷ್ಟೇ,” ಎಂದಳು ಅಮ್ಮ. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಅದು ಇನ್ನೂ ಭಯಂಕರ.

ಡಾಕ್ಟರು ಸೀಲ್ ಒಡೆಯದ ಪುಟ್ಟ ಪೆಟ್ಟಿಗೆಯೊಂದನ್ನು ಅಜ್ಜಿಯ ಕೈಗಿಟ್ಟರು. ಅಜ್ಜಿ ಅದನ್ನು ಮೂರು ಸಲ ಸವರಿ, ಅಂಚು ತಡಕಿ, ಅಲುಗಾಡಿಸಿ ನೋಡಿದಳು. “ಹೊಸದೇ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನಾನು ಹೊರಗೆ ಬರೋವರೆಗೂ ನೀನು ಫೋನ್ ಮುಟ್ಟಬೇಡ,” ಎಂದು ಹೇಳಿ, ನರ್ಸಿನ ಕೈ ಹಿಡಿದು ತಾನಾಗಿಯೇ ಒಳಗೆ ನಡೆದಳು. ಅಮ್ಮ ಬೆಂಚಿಗೆ ಒರಗಿ ಎರಡು ವರ್ಷದ ಉಸಿರನ್ನು ಒಟ್ಟಿಗೆ ಬಿಟ್ಟಳು. ಜೂಮಣ್ಣನ ಏಳು ಮಿಸ್ಡ್ ಕಾಲ್ ಬಂದವು. ನಾನು ಮುಟ್ಟಲಿಲ್ಲ.

ಮಾರನೇ ದಿನ ಡಾಕ್ಟರು ಹೇಳಿದ ಹಾಗೆ ಮನೆಯಲ್ಲೇ ಪಟ್ಟಿ ಬಿಚ್ಚಿದೆವು. ಅಜ್ಜಿ ಮೊದಲು ಕಿಟಕಿ ನೋಡಿದಳು, ಅಮ್ಮನನ್ನು ನೋಡಿದಳು, “ನೀನ್ಯಾಕೆ ಇಷ್ಟು ಸೊರಗಿದೀಯ?” ಎಂದಳು. ಅಮ್ಮ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನಾನು ರಾಜಿ ಮಾಡಿಕೊಳ್ಳುವ ಉದ್ದೇಶದಿಂದ ನನ್ನ ಏಕೈಕ ಅಭಿಮಾನಿಯ ಮುಂದೆ ಫೋಟೋಗಳನ್ನು ಹಿಡಿದೆ. ಒಂದು, ಎರಡು, ಮೂರು. ನಾಲ್ಕಕ್ಕೆ ಕೈ ಅಡ್ಡ ಹಿಡಿದಳು.

“ಇದೇನೇ, ಎಲ್ಲಾ ಹೊಗೆ? ಮನೆಗೆ ಬೆಂಕಿ ಬಿದ್ದಿತ್ತಾ?”

“ನೀನೇ ಚೆನ್ನಾಗಿದೆ ಅಂದಿದ್ದೆ ಅಜ್ಜಿ.”

“ಆಗ ನಂಗೆ ನಿನ್ನ ಮುಖವೂ ಚೆನ್ನಾಗೇ ಕಾಣ್ತಿತ್ತು. ಆ ಡಬ್ಬಿ ಇಲ್ಲಿ ಕೊಡು. ಚಿಕ್ಕಮ್ಮ ಕೊಟ್ಟಿದ್ದು ತಾನೆ?”

ಕ್ಯಾಮೆರಾವನ್ನು ಬೆಳಕಿಗೆ ಹಿಡಿದಳು. ಬಲಗಣ್ಣಿನಿಂದ ಲೆನ್ಸನ್ನೇ ದಿಟ್ಟಿಸಿದಳು. ಲೆನ್ಸ್ ಬಿಚ್ಚುವುದು ಹೇಗೆ ಎಂದು ನಲವತ್ತು ವೀಡಿಯೊ ನೋಡಿದ ನಾನು ಒಂದು ಸಲವೂ ಮಾಡದ ಕೆಲಸ ಅದು. ಆಮೇಲೆ ಅಂಚಿಗೆ ಉಗುರು ಕೊಟ್ಟು, ತೆಳ್ಳಗಿನ, ಗುಂಡಗೆ ಕತ್ತರಿಸಿ ಅಂಟಿಸಿದ್ದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಎಬ್ಬಿಸಿ ತೆಗೆದಳು. ಐದು ವರ್ಷದ ಧೂಳು, ಎರಡು ವಾರದ ನನ್ನ ಬೆರಳಿನ ಗುರುತು, ಎಲ್ಲವೂ ಅದರ ಮೇಲಿತ್ತು.

“ಪೊರೆ,” ಎಂದು ಅದನ್ನು ನನ್ನ ಅಂಗೈ ಮೇಲಿಟ್ಟಳು.

ಅಷ್ಟರಲ್ಲಿ ಅಮ್ಮ ಮುಖ ತೊಳೆದುಕೊಂಡು ಬಂದು, ಮುಂದಿನ ವಾರ ಡಾಕ್ಟರು ಮತ್ತೆ ಬರಹೇಳಿದ್ದಾರೆ, ತಾನು ರಜೆ ಹಾಕುತ್ತೇನೆ ಎಂದಳು.

“ನೀನು ಮಲ್ಕೋ, ರಜೆ ಬೇಡ,” ಎಂದಳು ಅಜ್ಜಿ, ಪೇಪರನ್ನು ಮಡಿಲಿಗೆ ಎಳೆದುಕೊಂಡು ಪದಬಂಧದ ಪುಟ ಹುಡುಕುತ್ತ. “ನಾನೂ ಇವಳೂ ಹೋಗಿ ಬರ್ತೀವಿ. ಹೇಗೂ ಹೋಗ್ತಿದೀವಲ್ಲ, ಇವಳ ಕಣ್ಣನ್ನೂ ಒಂದ್ಸಲ ತೋರಿಸ್ಕೊಂಡು ಬರ್ತೀನಿ.”